ಎರಡು ತೂತಿನ ರೊಟ್ಟಿ

ಶುಂಠಿಯ ವಾಸನೆ, ಅಲ್ಲ, ಅದರ ಬೆನ್ನಿಗೇ ಬಾಳೆಲೆ ಸೀದದ್ದು, ಅಪ್ಪ ಮತ್ತೆ ಹೆಂಚಿನ ಮೇಲೆ ರೊಟ್ಟಿ ತಟ್ಟಿದ ಎಲೆ ಬಿಟ್ಟು ಮರೆತಿರಬೇಕು, ಬಾಡುತ್ತಲೇ ಸುಲಿದು ತೆಗೀಬೇಕಪ್ಪ ಅಂತ ಎಷ್ಟು ಸಲ ಹೇಳುವುದು — ದಿವ್ಯಶ್ರೀ ಏಳಲಿಲ್ಲ, ಏಳುವ ಹಾಗಿಲ್ಲ, ಅವ್ವನ ಬಲಗೈಯ ತೋರುಬೆರಳಿನ ಗೆಣ್ಣಿಗೆ ಪಟ್ಟಿ ಅಂಟಿಸುತ್ತಿದ್ದಾಳೆ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ ಕಪ್ಪು ರಬ್ಬರು ಪಟ್ಟಿ, ಮೈಸೂರಿನ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೂತು ತಾನೇ ಮಾಡಿದ್ದು, ಬೆರಳು ಎಳ್ಳಿನಷ್ಟು ಮಿಸುಕಿದರೂ ಪಟ್ಟಿ ಹಿಗ್ಗಬೇಕು, ಹಿಗ್ಗಿದರೆ ಫೋನಿನ ಪರದೆಯ ಮೇಲಿನ ಗೆರೆ ಏಳಬೇಕು. ಗೆರೆ ಮಲಗಿದೆ. ಗೌರಿಹಬ್ಬದ ಹಿಂದುಮುಂದು ಅವ್ವನಿಗೆ ಲಕ್ವ ಹೊಡೆದಾಗಿನಿಂದ ಮಲಗಿದ ಕೈ, ಮಾತು ಅರ್ಧಂಬರ್ಧ ವಾಪಸು ಬಂತು, ಕಾಲು ಎಳೆದುಕೊಂಡಾದರೂ ಬಂತು, ಕೈ ಮಾತ್ರ ಯಾರದೋ ಕೈಯ ಹಾಗೆ ಮಡಿಲಲ್ಲಿ ಬಿದ್ದಿದೆ, ನಾಳೆ ಫಿಸಿಯೋ ಮೇಡಂ ಬರುತ್ತಾರೆ, ಹೋದ ಸಲವೇ ಹೇಳಿ ಹೋಗಿದ್ದಾರೆ, ಸ್ವಲ್ಪನಾದ್ರೂ ಮಿಸುಕಾಟ ಕಂಡ್ರೆ ಈ ಕೈಯನ್ನೇ ಹಿಡಿಯೋಣ, ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ, ಎಡಗೈ ರೂಢಿ ಮಾಡ್ಸೋಣ. ಎಡಗೈ ರೂಢಿಯಂತೆ! ವನಜಮ್ಮ ಅನ್ನುವ ಹೆಂಗಸು ಯಾರಿಗೂ ಎಡಗೈಯಲ್ಲಿ ಒಂದು ಲೋಟ ನೀರು ಕೊಟ್ಟವಳಲ್ಲ.

ಆ ಬೆರಳು ಆಗ ಹೇಗಿತ್ತು, ಅಂಗಳದ ತುಂಬ ಶುಂಠಿ ಮೂಟೆ, ಕೊಪ್ಪದ ಕಡೆಯಿಂದ ಲಾರಿಯ ಹಾರನ್ನು, ಏಳ್ರೋ ಸ್ಕೂಲಿಗೆ ಹೊತ್ತಾಯ್ತು, ಅವ್ವ ಬಾಳೆಲೆಗೆ ಎಣ್ಣೆ ಸವರಿ ಅಕ್ಕಿಹಿಟ್ಟಿನ ಉಂಡೆ ಇಟ್ಟು, ಕೈ ನೀರಲ್ಲಿ ಅದ್ದಿ ನಡುವಿನಿಂದ ಅಂಚಿಗೆ ತಟ್ಟುತ್ತ ತಟ್ಟುತ್ತ, ಕೊನೆಗೆ ತೋರುಬೆರಳು ಇಳಿಸಿ ತೂತು ಒತ್ತುತ್ತಾಳೆ, ಎಣ್ಣೆ ಇಳಿಯಲಿ ಅಂತ, ಅದಕ್ಕೂ ಒಂದು ಲೆಕ್ಕ, ಅಪ್ಪನ ಖಾರದ ರೊಟ್ಟಿಗೆ ಒಂದು ತೂತು, ದಿವ್ಯಶ್ರೀಯ ಮೆಣಸಿನಕಾಯಿ ಹಾಕದ ರೊಟ್ಟಿಗೆ ಎರಡು, ತಮ್ಮ ಚಂದ್ರು ಕೊಟ್ಟದ್ದೆಲ್ಲ ನುಂಗುವ ಗಿರಾಕಿ, ಅವನಿಗೆ ಲೆಕ್ಕವೇ ಇಲ್ಲ. ಪಕ್ಕದ ಮನೆಯ ಸುಲೋಚನಮ್ಮ ಕಿಟಕಿಯಿಂದಲೇ, ಏನು ವನಜಕ್ಕ, ರೊಟ್ಟಿಗೆ ಗುಂಡಿ ಹೊಲೀತೀರಾ, ಅವ್ವ ಒಲೆ ಮುಂದಿನಿಂದಲೇ, ಅಯ್ಯೋ ಎಲ್ಲರ ಮನೆ ದೋಸೆನೂ ತೂತೇ ಕಣ್ರಕ್ಕ, ನಮ್ಮನೇದು ಲೆಕ್ಕದ ತೂತು — ಸ್ಕೂಲಿನಲ್ಲಿ ಸ್ಟೀಲು ಡಬ್ಬಿಯ ಮುಚ್ಚಳ ತೆಗೆದರೆ ಎರಡು ತೂತು, ಮೈಸೂರಿನ ಹಾಸ್ಟೆಲಿಗೆ ಹೋದ ಮೇಲೂ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ ಪೊಟ್ಟಣ, ತಣ್ಣಗಾಗಿ ಬಿರುಸಾದ ರೊಟ್ಟಿ, ಎರಡು ತೂತು, ತಾನೊಬ್ಬಳಿಗೇ ತಿನ್ನಲು ಕಳಿಸಿದ ರೊಟ್ಟಿಗೂ ಗುರುತು ಯಾಕೆ ಬೇಕಿತ್ತು ಅವ್ವನಿಗೆ, ಕೇಳಲೇ ಇಲ್ಲ. ಲ್ಯಾಬಿನಲ್ಲಿ ಮೊದಮೊದಲು ಮಾಡಿದ ಪಟ್ಟಿಗಳೆಲ್ಲ ಗಾಜಿಗೆ ಹಿಡಿದುಕೊಂಡು ಹರಿದು ಬರುತ್ತಿದ್ದವು, ಒಂದು ದಿನ ಕೈ ತನ್ನಷ್ಟಕ್ಕೇ ಗಾಜಿಗೆ ಜಿಡ್ಡು ಸವರಿ, ನಡುವೆ ರಬ್ಬರು ದ್ರಾವಣ ಸುರಿದು, ಅಂಚಿಗೆ ಹರಡಿ, ಸರ್ ಹಿಂದಿನಿಂದ ನೋಡಿ ನಕ್ಕರು, ಏನ್ರೀ ರೊಟ್ಟಿ ತಟ್ಟೋ ಹಂಗೆ, ಹೌದು ಸರ್, ಹಂಗೇ. ಆ ದಿನದ ಪಟ್ಟಿ ಹರಿಯದೆ ಎದ್ದು ಬಂದಿತ್ತು.

ಅದೇ ಪಟ್ಟಿ ಹೋದ ಭಾನುವಾರ ಎಂಥ ಮೋಸ ಮಾಡಿತು. ಮೋಸ ಅದರದಲ್ಲ ಬಿಡಿ, ತನ್ನದೇ, ಗೆರೆ ಟಿಕ್ ಟಿಕ್ ಅಂತ ಏಳುತ್ತಿದೆ, ಒಂದೇ ಸಮ ಏಳುತ್ತಿದೆ, ಅವ್ವಾ ಅಂತ ಕಿರುಚಿದಳು, ಅಪ್ಪ ಓಡಿ ಬಂದು ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು, ಫೋನಿನಲ್ಲಿ ಸುದ್ದಿ ಕೇಳಿದ ಚಂದ್ರು ಶುಂಠಿ ತೂಕ ಅರ್ಧಕ್ಕೇ ಬಿಟ್ಟು ಮನೆಗೆ ಬರಲು ಬೈಕು ಹತ್ತಿದ, ಬಾಯಲ್ಲಿ ಸಕ್ಕರೆ ಕರಗುವ ಹೊತ್ತಿಗೆ ಕಂಡಿತು, ಅವ್ವನ ಬೆರಳನ್ನು ತನ್ನ ಎರಡು ಬೆರಳ ನಡುವೆ ಅದುಮಿ ಹಿಡಿದು ಕೂತಿದ್ದಾಳೆ, ಗೆರೆ ಎಣಿಸುತ್ತಿದ್ದದ್ದು ತನ್ನದೇ ನಾಡಿ. ಕೈ ಬಿಟ್ಟಳು, ಗೆರೆ ಮಲಗಿತು. ಅಪ್ಪ ಸಕ್ಕರೆ ಡಬ್ಬಿಯನ್ನು ಸದ್ದಿಲ್ಲದೆ ಒಳಗೆ ತೆಗೆದುಕೊಂಡು ಹೋದರು, ಅವ್ವ ಸೊಟ್ಟ ಬಾಯಲ್ಲೇ, ಅಳ್ಬ್ಯಾಡ ಕಣ್ ಮಗ ಅಂದಳು, ಅಳಬೇಕಾದವಳು ಯಾರು, ಸಮಾಧಾನ ಹೇಳುತ್ತಿರುವವಳು ಯಾರು. ಆವತ್ತಿನಿಂದ ಪಟ್ಟಿ ಅಂಟಿಸಿದ ಮೇಲೆ ತನ್ನ ಕೈ ಎರಡೂ ತನ್ನ ಮಡಿಲಲ್ಲೇ.

ಇವತ್ತೂ ಸ್ಪಂಜಿನ ಚೆಂಡು ಒತ್ತವ್ವ ಅಂದರೆ ಗೆರೆ ಮಲಗಿಯೇ ಇತ್ತು, ಅವ್ವ ಮುಖ ತಿರುಗಿಸಿದಳು, ಚಿಕ್ ಮಕ್ಕಳಾಟ ಅನ್ನುವ ಹಾಗೆ, ಅಷ್ಟರಲ್ಲಿ ಅಪ್ಪ, ಮುಂಗೈವರೆಗೂ ಹಿಟ್ಟು, ತಟ್ಟೆಯ ಮೇಲೆ ಬಾಳೆಲೆ, ಎಲೆಯ ಮೇಲೆ ನಾಲ್ಕು ಮೂಲೆಯ ರೊಟ್ಟಿ, ವನಜಾ, ಒಂದು ಸೀದೋಯ್ತು, ಇನ್ನೊಂದು ತಟ್ಟಿವ್ನಿ ಕಣೆ, ನಗಬ್ಯಾಡ, ತೂತು ಒತ್ತೋದು ನಂಗೆ ಬರಾಕಿಲ್ಲ, ನೀನೇ ಒತ್ತು — ಅವ್ವನ ಕೈ ಎತ್ತಿ ಬೆರಳ ತುದಿಯನ್ನು ಹಿಟ್ಟಿನ ಮೇಲೆ ಇಟ್ಟೇ ಬಿಟ್ಟರು, ಅಪ್ಪಾ ಎಣ್ಣೆ, ಪಟ್ಟಿ ಬಿಟ್ಕೊಳ್ಳುತ್ತೆ, ಏ ಸುಮ್ನಿರಮ್ಮಿ, ಇದು ಮಗೀದು ಕಣೆ ವನಜಾ, ಮೆಣಸಿನಕಾಯಿ ಹಾಕಿಲ್ಲ. ಅಪ್ಪ ಹಿಂದೆ ಸರಿದು ಟವಲಿಗೆ ಕೈ ಒರೆಸುತ್ತಿದ್ದಾರೆ, ಯಾರ ಕೈಯೂ ಅವ್ವನ ಮೇಲಿಲ್ಲ, ನೆಲ ಅದುರಿಸಿ ಗೆರೆ ಎಬ್ಬಿಸಲು ರಸ್ತೆಯಲ್ಲಿ ಬಸ್ಸೂ ಇಲ್ಲ, ಅವ್ವನ ಕಣ್ಣು ರೊಟ್ಟಿಯ ನಡುವೆ ನೆಟ್ಟಿದೆ, ಹಣೆಯಲ್ಲಿ ಬೆವರು, ಬೆರಳು ಇಟ್ಟಲ್ಲೇ ಇದೆ, ಗೆರೆ — ಎದ್ದಿತು, ಒಂದು, ಮಲಗಿತು, ಅಪ್ಪನದಾ, ಖಾರದ್ದಾ, ಉಸಿರು ಬಿಡಬೇಡ, ನಾಡಿಯಾದರೆ ಏಳುತ್ತಲೇ ಇರಬೇಕು, ಮಲಗಿದೆ, ಮಲಗಿದೆ, ಎದ್ದಿತು. ಮತ್ತೆ ಮಲಗಿತು, ಇನ್ನು ಏಳಲಿಲ್ಲ. ಅವ್ವ ಕಣ್ಣೆತ್ತಿ ಮಗಳನ್ನು ನೋಡುತ್ತಾಳೆ, ಕೆಲಸ ಮುಗಿಸಿದವಳ ಹಾಗೆ. ಏನೂ ಆಗ್ಲಿಲ್ವಲ್ಲ ಬುಡು, ನಾನೇ ಚುಚ್ತೀನಿ ಅಂತ ಅಪ್ಪ ಬಗ್ಗುತ್ತಾರೆ, ಬೇಡಪ್ಪ, ಮುಟ್ಟಬೇಡಿ, ಹಾಗೇ ಇರಲಿ — ಹಿಟ್ಟು ನುಣ್ಣಗಿದೆ, ಒಂದು ಕುಳಿಯೂ ಬಿದ್ದಿಲ್ಲ, ಪರದೆಯ ಮೇಲೆ ಮಾತ್ರ ಎರಡು, ಡಬ್ಬಿಯ ಮುಚ್ಚಳ ತೆಗೆದರೆ ಎರಡು, ತಣ್ಣಗಿನ ಪೊಟ್ಟಣ ಬಿಚ್ಚಿದರೆ ಎರಡು, ಅವೇ, ನಡುವೆ ಬೆರಳಿನಷ್ಟು ಜಾಗ ಬಿಟ್ಟು, ಎರಡು.