ಮನೆಗೆ ಮೂವತ್ತು ರೊಟ್ಟಿ

ಎಂಟುನೂರ ಅರವತ್ತೆರಡು, ಎಂಟುನೂರ ಅರವತ್ತಮೂರು. ಸುಧಾರಾಣಿ ಒಂದೊಂದು ರೊಟ್ಟಿಯನ್ನೂ ಬಿಸಿಲಿಗೆ ಹಿಡಿದು ನೋಡಿ, ಬೂಷ್ಟು ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಾಸಿದ ಹಳೆ ಸೀರೆಯ ಮೇಲೆ ಇಡುತ್ತಿದ್ದಳು. ಕಾಕಾನ ಹೊಸ ಮನೆಯ ಮಾಳಿಗೆ ತುಂಬ ರೊಟ್ಟಿ. ಮನೆಶಾಂತಿ ಮುಗಿದು ಅದು ನಾಲ್ಕನೆಯ ದಿನ. ಕೆಳಗೆ ಅಡುಗೆಮನೆಯಲ್ಲಿ ಇನ್ನೂ ಎರಡು ಬುಟ್ಟಿ ಇದ್ದವು.

"ಎಣಿಸಿದ್ರ ಕಡಿಮಿ ಆಗ್ತಾವೇನ ಬೇ?" ಎಂದಳು ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿ ಮಲ್ಲಕ್ಕ.

"ಲೆಕ್ಕ ಗೊತ್ತಿರಬೇಕಲ್ಲ ಆಯಿ."

"ನಿನ್ನ ಲೆಕ್ಕದಿಂದನ ಇಷ್ಟು ಬಂದು ಬಿದ್ದಾವ."

ಸುಧಾರಾಣಿ ಮುಂದಿನ ರೊಟ್ಟಿ ಎತ್ತಿಕೊಂಡಳು. ಅಜ್ಜಿ ಹೇಳಿದ್ದು ನಿಜವಾಗಿತ್ತು.

ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಗಣಿತಕ್ಕೆ ತೊಂಬತ್ತೇಳು ಅಂಕ ಬಂದಿತ್ತು. ಫಲಿತಾಂಶದ ದಿನ ಕಾಕಾ ಕರಿಸಿದ್ದಪ್ಪ ಯರಗುಪ್ಪಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಇಳಿದವರಿಗೂ ಹತ್ತುವವರಿಗೂ ಅದನ್ನು ಹೇಳಿದ್ದ. ಕುಂದಗೋಳದ ಕಾಲೇಜಿನಲ್ಲಿ ಸೈನ್ಸು, ಗಣಿತ, ಆಮೇಲೆ ಎಂಜಿನಿಯರಿಂಗು ಎಂದು ಅವನೇ ತೀರ್ಮಾನಿಸಿಬಿಟ್ಟಿದ್ದ. ಅಪ್ಪ ಎಂದಿನಂತೆ ತಮ್ಮನ ಮಾತಿಗೆ ತಲೆಯಾಡಿಸಿದ್ದ.

ಸುಧಾರಾಣಿಗೆ ಮಾತ್ರ ಅದು ಬೇಡವಾಗಿತ್ತು. ಯಾಕೆಂದರೆ ಅವಳು ಗಣಿತವನ್ನು ಕಲಿತಿರಲಿಲ್ಲ, ಬಾಯಿಪಾಠ ಮಾಡಿದ್ದಳು. ಸಂಜೆ ರೊಟ್ಟಿ ಬಡಿಯುವಾಗ ಬಡಿತಕ್ಕೆ ಸರಿಯಾಗಿ, "ಲಂಬಕೋನ ತ್ರಿಭುಜದಲ್ಲಿ, ವಿಕರ್ಣದ ಮೇಲಿನ ವರ್ಗವು, ಉಳಿದೆರಡು ಬಾಹುಗಳ ಮೇಲಿನ" ಎಂದು ಹೇಳಿಕೊಳ್ಳುತ್ತಿದ್ದಳು. ಕೇಳಿ ಕೇಳಿ ಅಜ್ಜಿಗೂ ಪ್ರಮೇಯ ಬಂದಿತ್ತು; ಮೊಮ್ಮಗಳು ಒಂದು ಸಾಲು ಬಿಟ್ಟರೆ ಒಲೆಯ ಮುಂದಿನಿಂದಲೇ ತಿದ್ದುತ್ತಿದ್ದಳು. ಅಂದರೆ ಪರೀಕ್ಷೆಗೆ ಕೂರಿಸಿದ್ದರೆ ಅಜ್ಜಿಗೂ ತೊಂಬತ್ತರ ಮೇಲೆ ಬರುತ್ತಿತ್ತು. ತ್ರಿಭುಜದ ಹೆಸರು ಎಬಿಸಿ ಇದ್ದರೆ ಸರಿ. ಪಿಕ್ಯೂಆರ್ ಎಂದು ಕೊಟ್ಟುಬಿಟ್ಟರೆ ಸುಧಾರಾಣಿಗೆ ಅದು ಪರವೂರಿನ ತ್ರಿಭುಜದಂತೆ ಕಾಣುತ್ತಿತ್ತು. ಪರಿಚಯವಿಲ್ಲ, ಮಾತಾಡಿಸುವುದು ಹೇಗೆ? ಪಿಯುಸಿಯಲ್ಲಿ ಎಲ್ಲವೂ ಪರವೂರಿನವೇ ಬಂದರೆ ತನ್ನ ಬಣ್ಣ ಬಯಲಾಗುತ್ತದೆ. ಹೇಗಾದರೂ ಆರ್ಟ್ಸಿಗೆ ತಪ್ಪಿಸಿಕೊಳ್ಳಬೇಕೆಂದು ಅವಳು ಒಳಗೊಳಗೇ ದಾರಿ ಹುಡುಕುತ್ತಿದ್ದಳು. ಹೇಳಲು ಬಾಯಿ ಬಂದಿರಲಿಲ್ಲ.

ಅಷ್ಟರಲ್ಲಿ ಮನೆಶಾಂತಿ ಬಂತು. ಇಂಥ ಕಾರ್ಯಗಳಿಗೆ ಓಣಿಯ ಮನೆಮನೆಗೆ ಜೋಳದ ಹಿಟ್ಟು ಕಳಿಸುತ್ತಾರೆ, ಹೆಂಗಸರು ರೊಟ್ಟಿ ಬಡಿದು ಕೊಡುತ್ತಾರೆ. ಪ್ರತಿ ಸಲ ಎಷ್ಟೆಷ್ಟು ಎಂದು ಹೇಳುವವಳು ಮಲ್ಲಕ್ಕ. "ನಲವತ್ತ ಮನಿ ಅದಾವ. ಮನಿಗೆ ಹದಿನೈದು ಅಂತ ಹೇಳ್ರಿ" ಎಂದಳು.

"ಅವ್ವಾ, ಮನ್ಯಾಗ ತೊಂಬತ್ತೇಳು ತಗೊಂಡ ಹುಡುಗಿ ಐತಿ. ನೀ ಸುಮ್ಮಿರು" ಎಂದ ಕಾಕಾ.

ತೊಂಬತ್ತೇಳು ತೆಗೆದುಕೊಂಡ ಹುಡುಗಿ ಪೆನ್ನು ಹಿಡಿದಳು. ಊಟಕ್ಕೆ ನಾನೂರ ಎಂಬತ್ತು ಮಂದಿ. ಒಬ್ಬರಿಗೆ ಎರಡೂವರೆ ರೊಟ್ಟಿ. ಒಟ್ಟು ಸಾವಿರದ ಇನ್ನೂರು. ಭಾಗಿಸು ನಲವತ್ತು. ಮನೆಗೆ ಮೂವತ್ತು. ಹದಿನೈದು ಅಂದರೆ ಬರೇ ಆರುನೂರಾಗುತ್ತದೆ, ಅರ್ಧ ಊರು ಉಪವಾಸ ಏಳುತ್ತದೆ ಎಂದು ವಿವರಿಸಿದಳು. ಕಾಕಾ ಎಲ್ಲರನ್ನೂ ಹೆಮ್ಮೆಯಿಂದ ನೋಡಿದ. ಅಜ್ಜಿ ಬಾಯಿಗೆ ಎಲೆ ಹಾಕಿಕೊಂಡಳು.

ಬಂದದ್ದು ಎರಡು ಸಾವಿರದ ನೂರ ನಲವತ್ತು. ಹೋಳಿಗೆ ಕಂಡ ಮಂದಿ ರೊಟ್ಟಿಯ ಕಡೆ ಹೆಚ್ಚು ನೋಡಲೂ ಇಲ್ಲ. ಒಂಬೈನೂರು ಖರ್ಚಾದವು. ಉಳಿದದ್ದು ಸಾವಿರದ ಇನ್ನೂರ ನಲವತ್ತು. ಬೇಡಿದಷ್ಟಕ್ಕಿಂತ ನಲವತ್ತು ಹೆಚ್ಚೇ ಉಳಿದಿದ್ದವು.

ಮರುದಿನ ಬೆಳಿಗ್ಗೆ ಕಾಕಾ, "ಮನಿಗೆ ಮೂವತ್ತೊಂದರಂಗ ತಿರುಗಿ ಕೊಟ್ಟು ಬಾ" ಎಂದು ಅವಳ ತಲೆಯ ಮೇಲೆ ಬುಟ್ಟಿ ಹೊರಿಸಿದ.

ಮೊದಲು ಬಾಜು ಮನೆಯ ಜಮೀಲಾಬಿ. ಬುಟ್ಟಿ ನೋಡಿದ್ದೇ ನಗತೊಡಗಿದಳು. "ಏನವಾ, ಗಣಿತದಾಕಿ ರೊಟ್ಟಿ ಮಾರಾಕ ಬಂದಿಯೇನ?"

"ನೀವು ಎಷ್ಟು ಕೊಟ್ಟಿದ್ರಿ ಚಾಚಿ?"

"ಅರವತ್ತೈದು."

"ಮೂವತ್ತ ಅಂತ ಹೇಳಿದ್ವೆಲ್ರಿ!"

"ಮೂವತ್ತು ಅಂದ್ರ ಮೂವತ್ತ ಕೊಡಾಕ ಇದೇನು ಅಂಗಡಿಯೇನ? ನನ್ನ ಮೂರೂ ಬಾಣಂತನ ನಿಮ್ಮಾಯಿ ಮಾಡ್ಯಾಳ. ಹಿಟ್ಟು ಸಾಲಲಿಲ್ಲ, ಮನೀದ ಕೂಡಿಸಿದೆ. ಮ್ಯಾಲ ಆ ಬಾಷಾಬಿ ಅರವತ್ತು ಬಡಿಯಾಕತ್ತಾಳಂತ ಸುದ್ದಿ ಬಂತು. ನಾ ಬಿಡ್ತೀನೇನು?"

ಬಾಷಾಬಿಯ ಮನೆಯಲ್ಲಿ ಕೇಳಿದರೆ, ಜಮೀಲಾಬಿಯ ಸುದ್ದಿ ಕೇಳಿ ಅವಳು ಎಪ್ಪತ್ತಕ್ಕೆ ಏರಿಸಿದ್ದಳು. ಇಬ್ಬರೂ ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ, ಬುಟ್ಟಿಗೆ ಇನ್ನಷ್ಟು ಸೇರಿಸಿಯೇ ಕಳಿಸಿದರು. ಒಬ್ಬಳು ರೊಟ್ಟಿಗೆ ನಂಚಿಕೊಳ್ಳಲು ಶೇಂಗಾ ಹಿಂಡಿಯ ಪುಡಿ ಕಟ್ಟಿಕೊಟ್ಟಳು. ಇನ್ನೊಬ್ಬಳು, ಈಗಷ್ಟೇ ಬೇಯಿಸಿದ್ದೆಂದು ನಾಲ್ಕು ಬಿಸಿ ರೊಟ್ಟಿ ಇಟ್ಟಳು.

ಮೂರನೆಯ ಮನೆಯಿಂದ ಸುಧಾರಾಣಿ ಯಾರು ಎಷ್ಟು ಕೊಟ್ಟರೆಂದು ಅಂಗೈ ಮೇಲೆ ಬರೆದುಕೊಳ್ಳತೊಡಗಿದಳು, ಆಮೇಲೆ ಮನೆಗೆ ಹೋಗಿ ಹಳೆಯ ನೋಟ್‌ಬುಕ್ಕನ್ನೇ ತಂದಳು. ಎರಡು ದಿನ ತಿರುಗಿದಳು; ಹೆಚ್ಚಿನವರು ರೊಟ್ಟಿ ವಾಪಸು ತೆಗೆದುಕೊಳ್ಳಲಿಲ್ಲ, ಲೆಕ್ಕ ಮಾತ್ರ ಸಿಕ್ಕಿತು. ಅಜ್ಜಿ ಬಾಣಂತನ ಮಾಡಿದ ಮನೆಗಳು ಅರವತ್ತರ ಮೇಲೆ. ಊರಿಗೆ ಹೊಸದಾಗಿ ಬಂದವರು ನಲವತ್ತರ ಆಸುಪಾಸು. ಗಟಾರದ ನೀರಿನ ವಿಷಯಕ್ಕೆ ಕಾಕಾನ ಜೊತೆ ಮಾತು ಬಿಟ್ಟಿದ್ದ ಸಂಗನಬಸವನ ಮನೆಯಿಂದ ಸರಿಯಾಗಿ ಮೂವತ್ತು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಇಡೀ ಓಣಿಯಲ್ಲಿ ಅವಳ ಲೆಕ್ಕದ ಪ್ರಕಾರ ನಡೆದುಕೊಂಡವರು ಜಗಳವಾಡಿದವರು ಮಾತ್ರ.

ಎಕ್ಸ್ ಎಂದರೆ ಗೊತ್ತಿಲ್ಲದ್ದು ಎಂದು ಶಾಲೆಯಲ್ಲಿ ಹೇಳಿದ್ದರು. ಗೊತ್ತಿಲ್ಲದ್ದು ಹೀಗೆ ನಲವತ್ತು ಮನೆಗಳಲ್ಲಿ ಒಲೆಯ ಮುಂದೆ ಕೂತಿರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ನಾಲ್ಕನೆಯ ದಿನ ಮಾಳಿಗೆಯ ಎಣಿಕೆ ಮುಗಿಸಿ, ಮಧ್ಯಾಹ್ನ ಅಜ್ಜಿಯ ಮುಂದೆ ನೋಟ್‌ಬುಕ್ಕು ಬಿಚ್ಚಿದಳು. "ಹದಿನೈದು ಅಂದಿದ್ರ ಇದರ ಅರ್ಧ, ಸಾವಿರದ ಎಪ್ಪತ್ತು ಬರ್ತಿದ್ವು ಆಯಿ. ಬರಾಬ್ಬರಿ ಇತ್ತು ನಿಂದು! ಮೊದಲ ಯಾಕ ಹೇಳಲಿಲ್ಲ?"

"ನಾ ಏನ್ ತೊಂಬತ್ತೇಳು ತಗೊಂಡೀನೇನ?"

"ಆದ್ರ ಒಂದ ಮಾತ ಹೇಳು. ಮಂದಿ ಹೇಳಿದ್ದರ ಸುಮಾರು ಎರಡರಷ್ಟು ಕೊಡ್ತಾರೋ, ಇಲ್ಲಾ ಎಷ್ಟು ಹೇಳಿದ್ರೂ ಮ್ಯಾಲ ಇಪ್ಪತ್ತು ಇಪ್ಪತ್ತೈದು ಹಾಕ್ತಾರೋ? ಹಂಗಾದ್ರ ನಿನ್ನ ಹದಿನೈದಕ್ಕೂ ಒಂದೂವರಿ ಸಾವಿರ ಬಂದು, ಆರುನೂರು ಉಳೀತಿದ್ವು."

ಅಜ್ಜಿ ಎಲೆ ಜಗಿಯುವುದನ್ನು ನಿಲ್ಲಿಸಿದಳು. ಐವತ್ತು ವರ್ಷ ರೊಟ್ಟಿ ಹೇಳಿದವಳಿಗೆ ಈ ಪ್ರಶ್ನೆ ಬಂದಿರಲಿಲ್ಲ. "ಅದೆಲ್ಲಾ ಮಂದಿ ಮ್ಯಾಲ ಐತಿ ಬೇ. ಹೆಂಗ ಹೇಳಾಕ ಬರ್ತೈತಿ?"

ಹೇಗೆ ಹೇಳಲು ಬರುತ್ತದೆ? ಅದೇ ಮಾತು ಸುಧಾರಾಣಿಯ ತಲೆ ಹೊಕ್ಕಿತು. ಭಾಂಡೆ ತಿಕ್ಕುವಾಗಲೂ ಅದೇ, ಎಮ್ಮೆಗೆ ನೀರು ಕುಡಿಸುವಾಗಲೂ ಅದೇ. ಇದು ಯಾವ ಪುಸ್ತಕದ ಕೊನೆಯ ಪುಟದಲ್ಲೂ ಉತ್ತರವಿಲ್ಲದ ಲೆಕ್ಕ. ಆದರೂ ಹೆದರಿಕೆಯಾಗಲಿಲ್ಲ, ಬದಲಿಗೆ ಹಸಿವಿನಂಥದ್ದೇನೋ ಆಯಿತು.

ಸಂಜೆ ಗಣಿತದ ಏಕನಾಥ ಮಾಸ್ತರರು ಹೊಸ ಮನೆ ನೋಡಲು ಬಂದರು. ಚಹಾ ಕೊಡುವಾಗ ಅವಳು ಅವರನ್ನೇ ಕೇಳಿದಳು. ಅವರು ನೋಟ್‌ಬುಕ್ಕನ್ನು ಬಹಳ ಹೊತ್ತು ತಿರುವಿದರು.

"ಇದು ಪರೀಕ್ಷೆಗೆ ಬರೂದಿಲ್ಲವಾ."

"ಪಿಯುಸಿಯೊಳಗ ಬರ್ತದೇನ್ರಿ ಸರ?"

"ಮುಂದ ಬರ್ತದ. ಅಗದಿ ಛಲೋ ವಿಷಯ ಅದು." ಮಾಸ್ತರರು ಚಹಾ ಊದಿದರು. "ನನಗೂ ಮರ್ತು ಹೋಗೇದ ಬಿಡು."

ಅವರಿಗೂ ಹೋಗುವಾಗ ಇಪ್ಪತ್ತು ರೊಟ್ಟಿ ಕಟ್ಟಿಕೊಟ್ಟರು.

ಅವರು ಹೋದ ಮೇಲೆ ಕಾಕಾ ಊಟಕ್ಕೆ ಕೂತ. ನಾಲ್ಕು ದಿನದಿಂದ ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ರೊಟ್ಟಿ, ಸಂಜೆ ರೊಟ್ಟಿ ಮುರಿದು ಒಗ್ಗರಣೆ ಹಾಕಿದ್ದು. ಅವನ ಹಲ್ಲೂ ಅಭಿಮಾನವೂ ಸವೆದಿದ್ದವು. ತಾಟನ್ನು ನೋಡಿ ಉಸಿರು ಬಿಟ್ಟು ಹೇಳಿದ, "ಸುಧಾ, ನಾ ವಿಚಾರ ಮಾಡೀನಿ. ನಿನಗ ಗಣಿತ ಬ್ಯಾಡ. ಆರ್ಟ್ಸ್ ತಗೋ. ಬಸ್ ಸ್ಟ್ಯಾಂಡಿನ್ಯಾಗ ಮಂದಿ ನನ್ನ ನೋಡಿ 'ರೊಟ್ಟಿ ಎಂಜಿನಿಯರ್ ಬಂದ' ಅಂತಾರ."

ಅಪ್ಪ ತಲೆಯಾಡಿಸಿದ. ಅವ್ವ ಮಗಳ ಮುಖ ನೋಡಿದಳು, ಅಳುತ್ತಾಳೇನೋ ಎಂದು.

ಹದಿನೈದು ದಿನದ ಹಿಂದೆ ಈ ಮಾತು ಬಂದಿದ್ದರೆ ಸುಧಾರಾಣಿ ಕಾಕಾನ ಕಾಲಿಗೆ ಬೀಳುತ್ತಿದ್ದಳು. ಬಾಗಿಲು ತಾನಾಗಿಯೇ ತೆರೆದಿತ್ತು, ಹೊರಗೆ ಹೋಗಲು ಯಾರ ಅಡ್ಡಿಯೂ ಇರಲಿಲ್ಲ. ಅವಳಿಗೆ ಮಾತ್ರ ಎದ್ದು ಹೋಗುವ ಮನಸ್ಸೇ ಬರಲಿಲ್ಲ. ಈಗಲೂ ಪಿಕ್ಯೂಆರ್ ಬಂದರೆ ಗಾಬರಿಯಾಗುತ್ತದೆ, ಬಹುಶಃ ಮೊದಲ ಪರೀಕ್ಷೆಯಲ್ಲಿ ಫೇಲೂ ಆಗಬಹುದು. ಆಗಲಿ. ಈ ಸಲ ತಿಳಿಯದ್ದನ್ನು ತಿಳಿಯಲಿಲ್ಲ ಎಂದು ಹೇಳಿ ಕೇಳಬೇಕು, ಬಾಯಿಪಾಠ ಮಾಡಬಾರದು.

"ಏನಂತೀಯವಾ?" ಎಂದ ಕಾಕಾ.

"ಹಿಂಡಿ ಹಾಕಲೇನ್ರಿ ಕಾಕಾ?"

"ಹಾಕು. ಆರ್ಟ್ಸ್ ಆತಲ್ಲ?"

ಅವಳು ಹಿಂಡಿ ಹಾಕಿದಳು, ಮೇಲೆ ಎಣ್ಣೆ ಬಿಟ್ಟಳು. ಸೋಮವಾರ ಕುಂದಗೋಳದ ಕಾಲೇಜಿಗೆ ಜೊತೆಗೆ ಬರುವವನು ಅಪ್ಪ. ಅರ್ಜಿ ತುಂಬುವವಳು ಅವಳು. ತೋರಿಸಿದ ಕಡೆ ಅಪ್ಪ ಸಹಿ ಮಾಡುತ್ತಾನೆ. ಗಣಿತದ ಮುಂದಿನ ಚೌಕದಲ್ಲಿ ಗುರುತು ಹಾಕುವುದೆಂದು ಸುಧಾರಾಣಿ ಅಲ್ಲೇ, ಎಣ್ಣೆಯ ಗಿಂಡಿ ಹಿಡಿದು ನಿಂತಾಗಲೇ, ನಿಶ್ಚಯಿಸಿದಳು. ಆಮೇಲೆ ಅಪ್ಪನ ತಾಟಿನ ಕಡೆ ತಿರುಗಿ, ಅವನಿಗೂ ಹಿಂಡಿ ಬೇಕೇ ಎಂದು ಕೇಳಿದಳು.