ಮ್ಯಾಡ್ರೋನ್ ಮರದ ಹುಟ್ಟು

ಗಾಂಜಾ ಹೂವಿನಿಂದ ರಾಳ ತೆಗೆಯುವುದು ನನ್ನ ಕಸುಬು. ಹಿಮಗಟ್ಟಿಸಿದ ಹೂವನ್ನು ಮಂಜುಗಡ್ಡೆಯ ನೀರಿಗೆ ಹಾಕಿ, ದೋಣಿಯದರಂಥ ಉದ್ದನೆಯ ಹುಟ್ಟಿನಿಂದ ಮೆಲ್ಲಗೆ ಕಲಕುತ್ತೇನೆ. ಉದುರಿದ ರಾಳದ ಕಣಗಳು ನೀರು ಸೋಸಿದಾಗ ಜಾಲರಿ ಚೀಲಗಳ ತಳದಲ್ಲಿ ಕೂರುತ್ತವೆ. ಒಣಗಿದ ಮೇಲೆ ಅದಕ್ಕೆ ಕಡಲ ಮರಳಿನ ಬಣ್ಣ ಬರಬೇಕು. ಬಿಸಿ ತಾಗಿದರೆ ಜೇನಿನಂತೆ ಕರಗಬೇಕು, ಒಂದು ಚುಕ್ಕೆಯೂ ಉಳಿಯಬಾರದು. ಉತ್ತರ ಕ್ಯಾಲಿಫೋರ್ನಿಯಾದ ನಮ್ಮ ಕಣಿವೆಯಲ್ಲಿ ಡಬ್ಬಿಯ ಮುಚ್ಚಳದ ಮೇಲೆ ಎರಡು ಹೆಸರಿರುತ್ತವೆ, ಬೆಳೆದವರದು ಮೇಲೆ, ತೆಗೆದವರದು ಕೆಳಗೆ. ಮಾಲು ಚೆನ್ನಾಗಿದ್ದರೆ ಇಬ್ಬರೂ ಬೀಗುತ್ತೇವೆ. ಕೆಟ್ಟರೆ ಯಾರ ಹೆಸರು ಕೆಡಬೇಕೆಂದು ತೀರ್ಮಾನಿಸುವುದು ತೆಗೆದವರು, ಅಂದರೆ ನಾನು.

ಆ ಅಧಿಕಾರ ನನ್ನ ನೆತ್ತಿಗೇರಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಆಲ್ಡೆನ್ ಅವರಿಗೆ ಎಪ್ಪತ್ತೊಂದು ವರ್ಷ. ಇದು ಕಾನೂನಿನ ಬೆಳೆಯಾಗುವ ಮುಂಚೆ, ಪೊಲೀಸರ ಹೆಲಿಕಾಪ್ಟರು ತಲೆಯ ಮೇಲೆ ಸುತ್ತುತ್ತಿದ್ದ ಕಾಲದಿಂದ ಬೆಳೆಯುತ್ತಿದ್ದಾರೆ. ನಾನು ಕಸುಬು ಶುರು ಮಾಡಿದ್ದೇ ಅವರ ಹೂವಿನಿಂದ. ಮೊದಲ ವರ್ಷ ತಮ್ಮ ಹಿತ್ತಿಲಿನ ಮ್ಯಾಡ್ರೋನ್ ಮರದಲ್ಲಿ ಒಂದು ಹುಟ್ಟು ಕೆತ್ತಿ ತಂದುಕೊಟ್ಟರು.

"ಒಂದು ಹಂಗಾಮು ಅಷ್ಟೇ ಕಣಮ್ಮ ಕಾರ್ಲಿಸ್. ಆಮೇಲೆ ಒಲೆಗೆ ಹಾಕು, ಇನ್ನೊಂದು ಕೆತ್ತಿಕೊಡ್ತೀನಿ" ಅಂದಿದ್ದರು.

ಅದರಲ್ಲಿ ಕಲಕಿದ ಮೊದಲ ರಾಳಕ್ಕೇ ಸ್ಪರ್ಧೆಯಲ್ಲಿ ಬಹುಮಾನ ಬಂತು. ಆಮೇಲೆ ಅದನ್ನು ಒಲೆಗೆ ಹಾಕುವುದುಂಟೇ? ಸುತ್ತಲಿನವರೆಲ್ಲ ಸ್ಟೀಲಿನ ಹುಟ್ಟಿಗೆ ಬದಲಾದರು. ನಾನು ಮಾತ್ರ ಆರು ವರ್ಷ ಅದನ್ನೇ ಹಿಡಿದುಕೊಂಡಿದ್ದೆ. ಅದೃಷ್ಟದ ಹುಟ್ಟು ಎಂದು ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಿದ್ದೆ.

ಈ ವರ್ಷ ಗುಡ್ಡದಾಚೆ ಕಾಡಿಗೆ ಬೆಂಕಿ ಬಿದ್ದು, ಹತ್ತು ದಿನ ಕಣಿವೆಯ ಮೇಲೆ ಬೂದಿ ಉದುರಿತು. ಆಲ್ಡೆನ್ ಕೊಯ್ಲಾದ ಒಂದೊಂದು ಕೊಂಬೆಯನ್ನೂ ಮೂರು ಬಕೆಟ್ ನೀರಿನಲ್ಲಿ ಅದ್ದಿ ತೊಳೆದರು. ಆ ವಯಸ್ಸಿನಲ್ಲಿ ಸೊಂಟ ಬಗ್ಗಿಸಿ ಬಗ್ಗಿಸಿ ಹದಿನೈದು ದಿನ. ಅವರ ಮೊದಲ ಕಂತನ್ನು ಕಲಕಿ ಒಣಗಿಸಿದೆ. ಬಣ್ಣ ಮಂಕಾಗಿತ್ತು. ಚೂರು ತೆಗೆದು ಗಾಜಿನ ಮೇಲೆ ಕರಗಿಸಿದರೆ ಅದರ ತುಂಬ ಕಪ್ಪು ಚುಕ್ಕೆಗಳು. ಬೂದಿ ಎಂದುಬಿಟ್ಟೆ. ನೀರು ನೋಡಲಿಲ್ಲ, ಚೀಲ ನೋಡಲಿಲ್ಲ, ಭೂತಗನ್ನಡಿಯನ್ನು ಡ್ರಾಯರಿನಿಂದ ತೆಗೆಯಲೂ ಇಲ್ಲ.

ಆ ಶನಿವಾರ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಊರಿನವರ ಊಟ. ಎಲ್ಲರೂ ಒಂದೊಂದು ಪಾತ್ರೆ ತರುತ್ತಾರೆ. ಯಾರೋ ಜಿಂಕೆ ಮಾಂಸದ ಸಾರು ತಂದಿದ್ದರು, ಹೊಳೆಯಾಚೆಯ ಬೆಟಿನಾ ತನ್ನ ಹೊಸ ಬಾವಿಯ ನೀರನ್ನು ದೊಡ್ಡ ಹೂಜಿಗಳಲ್ಲಿ ತಂದಿದ್ದಳು. ಆಲ್ಡೆನ್ ಅವರ ಮಾಲು ಈ ಸಲ ಹೇಗಿದೆ ಎಂದು ಯಾರೋ ಕೇಳಿದರು. ನಾನು ಸೌಟು ಹಿಡಿದೇ ಎಲ್ಲರಿಗೂ ಕೇಳುವಂತೆ ಉತ್ತರಿಸಿದೆ.

"ಮೂರಲ್ಲ, ಮುನ್ನೂರು ಬಕೆಟಲ್ಲಿ ಅದ್ದಿದ್ರೂ ಬೂದಿ ಬೂದಿನೇ. ಈ ವರ್ಷ ನನ್ನ ಡಬ್ಬಿ ಮೇಲೆ ಆಲ್ಡೆನ್ ಹೆಸರು ಬರಲ್ಲ."

ಜನ ನಕ್ಕರು. ನಗಿಸಿದ್ದು ನಾನೇ. ಆಲ್ಡೆನ್ ಎದ್ದರು. ಅರ್ಧ ಉಂಡ ತಟ್ಟೆಯನ್ನು ತೊಳೆದಿಟ್ಟು ಮನೆಗೆ ಹೋದರು.

ಎರಡು ವಾರದ ಮೇಲೆ ಕಡಲ ತೀರದಿಂದ ಗಾಜಿನ ಮನೆಯಲ್ಲಿ ಬೆಳೆದ ಹೂವು ಬಂತು. ಅಲ್ಲಿ ಬೂದಿ ಬಿದ್ದೇ ಇರಲಿಲ್ಲ. ಕಲಕಿದೆ, ಒಣಗಿಸಿದೆ, ಕರಗಿಸಿದೆ. ಅದೇ ಚುಕ್ಕೆ. ಹೂವಿಲ್ಲದೆ ಬರೀ ಮಂಜುಗಡ್ಡೆಯ ನೀರನ್ನು ಕಲಕಿ ಚೀಲಕ್ಕೆ ಸುರಿದೆ. ಬಿಳಿ ಜಾಲರಿಯ ಮೇಲೆ ಕಪ್ಪು ಧೂಳು ಕೂತಿತು. ಭೂತಗನ್ನಡಿಯಲ್ಲಿ ನೋಡಿದರೆ ಅದು ಧೂಳಲ್ಲ, ಆರು ವರ್ಷ ನೀರು ಕುಡಿದು ಕೊಳೆತ ಮರದ ನಾರು. ಹುಟ್ಟಿನ ಅಂಚನ್ನು ಉಗುರಿನಿಂದ ಗೀರಿದೆ, ನೆಂದ ರೊಟ್ಟಿಯಂತೆ ಕಿತ್ತು ಬಂತು. ಏನಾದರೂ ಕೆಟ್ಟರೆ ಮೊದಲು ಬರೀ ನೀರು ಕಲಕಿ ನೋಡಿ ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವಳು ನಾನು. ನನ್ನ ಮುಖ ನನಗೇ ಬೇಡವಾಯಿತು.

ಆಲ್ಡೆನ್ ಅವರ ಹೆಸರನ್ನು ಮತ್ತೆ ಮುಚ್ಚಳದ ಮೇಲೆ ಕೂರಿಸಲೇಬೇಕಿತ್ತು. ಮರುದಿನ ಬೆಳಿಗ್ಗೆ ಹುಟ್ಟನ್ನು ಹಿಡಿದು ಆಲ್ಡೆನ್ ಅವರ ಹಿತ್ತಿಲಿಗೆ ಹೋದೆ. ಅವರು ಗೊಬ್ಬರದ ಗುಂಡಿಯ ಮುಂದೆ ನಿಂತಿದ್ದರು. ನಡೆದದ್ದನ್ನೆಲ್ಲ ತೊದಲುತ್ತ ಹೇಳಿ, ಉಳಿದ ಹೂವು ಕೊಡಿ, ಇವತ್ತೇ ತೆಗೆದು ನಿಮ್ಮ ಹೆಸರು ಹಾಕುತ್ತೇನೆ ಎಂದೆ. ಅವರು ಗುಂಡಿಯ ಕಡೆ ಕೈ ತೋರಿಸಿದರು. ಒಂದು ವರ್ಷದ ಬೆಳೆ ಪೂರ್ತಿ ಅದರಲ್ಲಿ ಕೊಳೆಯುತ್ತಿತ್ತು.

"ಯಾಕೆ ಹೀಗೆ ಮಾಡಿದ್ರಿ?"

"ನೀನು ಹೇಳಿದೆಯಲ್ಲ. ನೀನು ನೋಡದೆ ಹೇಳೋಳಲ್ಲ ಅಂದ್ಕೊಂಡೆ."

ಅವರು ಹುಟ್ಟನ್ನು ಇಸಿದುಕೊಂಡು, ಅಂಚಿನ ಮೇಲೆ ಹೆಬ್ಬೆರಳಾಡಿಸಿ ನನಗೇ ವಾಪಸ್ಸು ಕೊಟ್ಟರು. ಕ್ಷಮಿಸಿ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ತಡೆದರು.

"ಅಲ್ಲಿ ಅಷ್ಟು ಜನರ ಮುಂದೆ ಹೇಳಿದ್ದನ್ನ ಇಲ್ಲಿ ಹಿತ್ತಲಲ್ಲಿ ಹೆಂಗಮ್ಮ ವಾಪಸ್ ತಗೊಳ್ತೀಯ?"

ಮುಂದಿನ ಶನಿವಾರದ ಊಟಕ್ಕೆ ಹುಟ್ಟನ್ನು ತೆಗೆದುಕೊಂಡು ಹೋದೆ. ಆಲ್ಡೆನ್ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಬಡಿಸಿಕೊಳ್ಳುವ ಮುಂಚೆಯೇ ಎದ್ದು ನಿಂತು ಹೇಳಿದೆ. ಬೂದಿ ಇರಲಿಲ್ಲ, ಕೊಳೆತದ್ದು ನನ್ನ ಹುಟ್ಟು, ಆಲ್ಡೆನ್ ಅವರ ಹೂವು ಚೊಕ್ಕಟವಾಗಿತ್ತು, ಅದು ಗುಂಡಿ ಸೇರಿದ್ದು ನನ್ನ ಬಾಯಿಂದ. ಯಾರೂ ನಗಲಿಲ್ಲ. ಇನ್ನು ಕೂರಬಹುದು, ಮುಗಿಯಿತು ಎಂದುಕೊಂಡು ಎದುರಿಗಿದ್ದ ಲೋಟ ಎತ್ತಿ ಎರಡು ಗುಟುಕು ನೀರು ಕುಡಿದೆ.

ಆಗ ಬೆಟಿನಾ ಮೆಲ್ಲಗೆ ಕೇಳಿದಳು. "ಕಾರ್ಲಿಸ್, ಹೋದ ವರ್ಷ ನನ್ನ ಮಾಲಲ್ಲೂ ಚುಕ್ಕೆ ಇದೆ ಅಂತ ನೀನಂದಿದ್ದೆ. 'ನಿನ್ನ ಕೆರೆ ನೀರು ಕೊಳಕು, ಅದಕ್ಕೇ ಹೀಗೆ' ಅಂತ ನೀನೇ ಹೇಳಿದೆ. ಆಗ ಕಲಕಿದ್ದು ಯಾವ ಹುಟ್ಟಲ್ಲಿ?"

ನಾನು ಲೋಟ ಕೆಳಗಿಟ್ಟೆ. ಹುಟ್ಟು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೇ ಇತ್ತು.

ನನ್ನ ಆ ಮಾತು ನಂಬಿ ಬೆಟಿನಾ ಹೋದ ಚಳಿಗಾಲವೆಲ್ಲ ಬಂಡೆ ಕೊರೆಸಿ ಬಾವಿ ತೋಡಿಸಿದ್ದಳು. ನನ್ನ ಲೋಟದಲ್ಲಿದ್ದುದು ಅದೇ ಬಾವಿಯ ನೀರು.