ವಗ್ದಿ ಸಾಹೇಬರ ದೋಣಿಯೂಟ

ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಎಲ್ಲ ಊರಲ್ಲೂ ಇರುತ್ತಾರೆ. ಬಾಯಿತುಂಬ ಊಟಕ್ಕೆ ಕರೆದು, ಆಮೇಲೆ ಆ ಕೈಯನ್ನೇ ಜೇಬಿನಲ್ಲಿ ಬಚ್ಚಿಟ್ಟುಕೊಳ್ಳುವವರು ಕಡಿಮೆ. ತಲ್ಖಾ ಊರಿನ ಬಹಿಯಾ ಅಜ್ಜಿ ತನ್ನ ಇಷ್ಟು ವರ್ಷದ ಬಾಳಿನಲ್ಲಿ ಅಂಥವರನ್ನು ಕಂಡದ್ದು ಒಬ್ಬರನ್ನೇ. ಅವರು ಕೈರೋದ ವಗ್ದಿ ಸಾಹೇಬರು.

ಚಳಿಗಾಲದಲ್ಲಿ ಅವರು ಮಗ ಹಾತೆಮ್‌ನನ್ನು ಕರೆದುಕೊಂಡು, ಬಹಿಯಾಳ ಮೊಮ್ಮಗಳು ಶೈಮಾಳನ್ನು ಮದುವೆಗೆ ಕೇಳಲು ಬಂದಿದ್ದರು. ಅಪ್ಪ ಮಗ ಇಬ್ಬರೇ ಸೇರಿ ಒಂದು ಇಡೀ ಬಾತುಕೋಳಿಯನ್ನು ಮೂಳೆ ಚೀಪಿ ಮುಗಿಸಿದರು. ಹೊರಡುವಾಗ ಬಾಗಿಲಲ್ಲಿ ಬೂಟು ಏರಿಸಿಕೊಳ್ಳುತ್ತ ಸಾಹೇಬರು ಹೇಳಿದರು: "ವಸಂತದ ಹಬ್ಬದ ರಜೆಗೆ ಕೈರೋಗೆ ಬನ್ನಿ ಹಾಜಮ್ಮ. ನದಿ ಮೇಲೆ ದೋಣೀಲಿ ಊಟ ಮಾಡೋಣ. ಅಲ್ಲೇ ಫಾತಿಹಾ ಓದಿ ಮಾತು ಗಟ್ಟಿ ಮಾಡ್ಕೊಳ್ಳೋಣ."

ನಮ್ಮ ಕಡೆ ಹೊಸಿಲ ಮೇಲೆ ಕೂತು ಒಣರೊಟ್ಟಿ ಮುರಿಯುವವನೂ ಹಾದಿಯಲ್ಲಿ ಹೋಗುವವರನ್ನು "ಬನ್ನಿ, ಕೈ ಹಚ್ಚಿ" ಅನ್ನುತ್ತಾನೆ. ಹೋಗುವವರು "ನಮ್ಮದಾಯಿತು, ನೀವು ಸುಖವಾಗಿ ಉಣ್ಣಿ" ಎಂದು ಮುಂದೆ ಹೋಗುತ್ತಾರೆ. ಅದು ಬಾಯುಪಚಾರ. ನಿಜವಾಗಿ ಉಣಿಸಬೇಕು ಅನ್ನುವವನು ದೇವರಾಣೆ ಇಡುತ್ತಾನೆ, ಬೇಡ ಎಂದವರ ತೋಳು ಹಿಡಿದು ಎಳೆಯುತ್ತಾನೆ, ಎರಡನೇ ಸಲ ಕರೆಯುತ್ತಾನೆ, ಮೂರನೇ ಸಲ ಬೈಯುತ್ತಾನೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಎದೆಹಾಲಿನ ಜೊತೆ ಬರುತ್ತದೆ.

ವಗ್ದಿ ಸಾಹೇಬರು ಒಂದೇ ಸಲ ಕರೆದಿದ್ದರು. ಅದೂ ಬೂಟಿನ ಕಡೆ ನೋಡುತ್ತ.

"ಬರ್ತೀವಿ" ಎಂದುಬಿಟ್ಟಳು ಬಹಿಯಾ.

ಹಾಗೆ ಒಪ್ಪಿಕೊಳ್ಳುವುದು ಮರ್ಯಾದೆಯಲ್ಲ ಎಂದು ಅವಳಿಗೂ ಗೊತ್ತಿತ್ತು. ಸಾಹೇಬರ ಬೂಟು ಬಹಳ ಹೊತ್ತು ಕಾಲಿಗೆ ಹತ್ತಲಿಲ್ಲ. ಆದರೆ ಅವಳ ಲೆಕ್ಕ ಬೇರೆಯಿತ್ತು. ಅಪ್ಪನಿಲ್ಲದ ಹುಡುಗಿ ಶೈಮಾ. ಹಾತೆಮ್‌ನ ಉದ್ದನೆ ರೆಪ್ಪೆ, ಮೆತ್ತನೆ ಮಾತು ಅವಳಿಗೆ ಹಿಡಿಸಿಬಿಟ್ಟಿತ್ತು. ಎರಡೂ ಕಡೆಯವರು ಕೂಡಿ ಫಾತಿಹಾ ಪ್ರಾರ್ಥನೆ ಓದಿದರೆ ಹೆಣ್ಣು ಕೊಟ್ಟಂತೆಯೇ. ಈಗ ಅಜ್ಜಿ ಬೇಡ ಅಂದರೆ, ಸಾಯುವತನಕ ಅಜ್ಜಿಯೇ ಕೆಡಿಸಿದಳು ಅನ್ನುತ್ತಾಳೆ. ಅವಳೇ ಕಣ್ಣಾರೆ ನೋಡಲಿ. ನೋಡಿಯೂ ಬೇಕು ಅಂದರೆ ಹಣೆಬರಹ.

ಹಬ್ಬದ ರಜೆಯಲ್ಲಿ ಅಜ್ಜಿ ಮೊಮ್ಮಗಳು ಕೈರೋಗೆ ಬಂದು, ಶುಬ್ರಾ ಬಡಾವಣೆಯಲ್ಲಿ ಬಹಿಯಾಳ ತಂಗಿಯ ಮನೆಯಲ್ಲಿ ಇಳಿದರು. ಸಂಜೆ ನದಿ ದಂಡೆಗೆ ಬಂದಾಗ ಅಪ್ಪ ಮಗ ಕಾರಿನ ಪಕ್ಕ ನಿಂತಿದ್ದರು. ಬರಿಗೈಲಿ ಹೋಗಬಾರದೆಂದು ಬಹಿಯಾ ಬುಟ್ಟಿಯಲ್ಲಿ ಬೆಣ್ಣೆರೊಟ್ಟಿ, ಉಪ್ಪು ಹಾಕಿ ಹಳೆಯದು ಮಾಡಿದ ಗಿಣ್ಣು ಹೊತ್ತು ತಂದಿದ್ದಳು. ವಗ್ದಿ ಸಾಹೇಬರು ಬುಟ್ಟಿಯನ್ನು ಈಸಿಕೊಂಡು ಕಾರಿನ ಡಿಕ್ಕಿಗೆ ಹಾಕಿದ ವೇಗ ನೋಡಬೇಕಿತ್ತು. ಹದ್ದು ಕೋಳಿಮರಿಯನ್ನು ಅಷ್ಟು ಬೇಗ ಎತ್ತಲಾರದು.

"ನಡೀರಿ, ಒಳ್ಳೆ ದೋಣಿ ಆರಿಸೋಣ" ಎಂದರು.

ದಂಡೆಯುದ್ದಕ್ಕೂ ಊಟದ ದೋಣಿಗಳು ದೀಪ ಹಚ್ಚಿಕೊಂಡು ನಿಂತಿದ್ದವು. ಮೊದಲನೆಯದರಲ್ಲಿ ಡೋಲು ಕೇಳುತ್ತಿತ್ತು.

"ಛೆ ಛೆ, ಇದರಲ್ಲಿ ಕುಣಿಯೋ ಹೆಂಗಸು ಇದಾಳೆ. ಹಾಜಮ್ಮನ್ನ ಕರ್ಕೊಂಡು ಹೋಗೋ ಜಾಗವೇ ಇದು?"

"ನಮ್ಮದೇನೂ ಅಡ್ಡಿಯಿಲ್ಲ ಸಾಹೇಬ್ರೇ," ಎಂದಳು ಬಹಿಯಾ. "ನನ್ನ ಮದುವೇಲೇ ಇಬ್ಬರು ಕುಣಿದಿದ್ರು. ಒಬ್ಬಳು ನಮ್ಮತ್ತೆಗಿಂತ ಚೆನ್ನಾಗಿದ್ಲು."

ಶೈಮಾ ನಕ್ಕಳು. ಹಾತೆಮ್ ಅಪ್ಪನ ಮುಖ ನೋಡಿ ನಗಲಿಲ್ಲ.

ಎರಡನೆಯ ದೋಣಿಯಲ್ಲಿ ಕುಣಿತವಿರಲಿಲ್ಲ, ಮನೆಮಂದಿಯೇ ತುಂಬಿದ್ದರು. ಸಾಹೇಬರು ದೂರದಿಂದಲೇ ಮೂಗು ಎತ್ತಿದರು. "ಮೀನು ವಾಸನೆ. ಈ ಸೆಕೆಗೆ ಮೀನು ಅಂದ್ರೆ ಹೊಟ್ಟೆ ಕೆಡೋದು ಗ್ಯಾರಂಟಿ."

"ಹಬ್ಬಕ್ಕೆ ಉಪ್ಪುಮೀನು ತಿಂದು ಬಂದಿರೋ ಹೊಟ್ಟೆ ಇದು. ಇನ್ನೇನು ಕೆಡುತ್ತೆ?"

"ಬೇಡ ಹಾಜಮ್ಮ, ನಿಮ್ಮ ಆರೋಗ್ಯ ನಮಗೆ ಮುಖ್ಯ."

ಮೂರನೆಯದಕ್ಕೆ ಮೇಲಂತಸ್ತು ಇತ್ತು. ಅಲ್ಲಿ ಗಾಳಿ ಜಾಸ್ತಿ, ಹಾಜಮ್ಮನ ಮಂಡಿ ಹಿಡಿಯುತ್ತೆ ಎಂದರು. ಕೆಳಗೆ ಕೂರೋಣ ಎಂದಳು ಬಹಿಯಾ. ಕೆಳಗೆ ಗಾಳಿಯೇ ಇಲ್ಲ, ಉಸಿರು ಕಟ್ಟುತ್ತೆ ಎಂದರು. ಮತ್ತೊಂದರಲ್ಲಿ ಬರೀ ಪರದೇಶಿಗಳು, ಅವರಿಗೆ ಮಾಡುವ ಅಡುಗೆ ರೋಗಿಗಳ ಗಂಜಿಯಂತೆ ಇರುತ್ತದೆ ಎಂದರು. ಸಂಬಂಧ ನೋಡಲು ಬಂದಾಗ ಹುಡುಗಿಯ ಹಲ್ಲು ಕೂಡ ಇಷ್ಟು ಪರೀಕ್ಷೆ ಮಾಡಿರಲಿಲ್ಲ ಈ ಮನುಷ್ಯ.

"ನಿನಗೆ ಯಾವುದು ಇಷ್ಟ ಮಗಾ?" ಬಹಿಯಾ ಹಾತೆಮ್‌ನನ್ನು ಕೇಳಿದಳು.

"ಅಪ್ಪ ಹೇಳಿದ್ದು."

"ಅಪ್ಪ ಇನ್ನೂ ಯಾವುದೂ ಹೇಳಿಲ್ಲವಲ್ಲ."

"ಹೇಳ್ತಾರೆ."

ಇಂಥ ಮೆತ್ತನೆ ಮಾತು ಹಲ್ಲುಬಿದ್ದವರಿಗೆ ಸೈ, ಸಂಸಾರಕ್ಕಲ್ಲ ಎಂದುಕೊಂಡಳು ಬಹಿಯಾ. ಶೈಮಾ ಅವನ ಪಕ್ಕ ಹೋಗಿ ಮೆಲ್ಲಗೆ ಅಂದಳು, "ಹಾತೆಮ್, ಮಧ್ಯಾಹ್ನದಿಂದ ಏನೂ ತಿಂದಿಲ್ಲ. ದೋಣೀಲಿ ಊಟ ಅಂತ ಹೊಟ್ಟೆ ಖಾಲಿ ಇಟ್ಕೊಂಡು ಬಂದೆ. ಯಾವುದಾದ್ರೂ ಒಂದು ಹತ್ತೋಣ ಅಂತ ನೀನೇ ಹೇಳು."

"ಸ್ವಲ್ಪ ತಡಿ," ಎಂದ ಅವನು.

ಆಗ ಕೊನೆಯ ದೋಣಿ ಕೂಗು ಹಾಕಿತು. ಹಗ್ಗ ಬಿಚ್ಚುತ್ತಿದ್ದರು. ವಗ್ದಿ ಸಾಹೇಬರ ಮುಖ ಒಮ್ಮೆಲೇ ಅರಳಿತು. ಈ ಮಂಡಿನೋವಿನ ಮುದುಕಿ ಓಡಿ ಬರಲಾರಳು, ದೋಣಿ ತಪ್ಪುತ್ತದೆ, ದೋಷ ಯಾರದೂ ಅಲ್ಲ. ಬಹಿಯಾಗೆ ಅವರ ತಲೆಯೊಳಗಿನದು ಗಾಜಿನ ಲೋಟದ ಚಹಾದಂತೆ ಕಂಡಿತು.

"ಇದೇ! ಇದೇ ಒಳ್ಳೇದು! ಬನ್ನಿ ಬನ್ನಿ, ಬೇಗ!" ಸಾಹೇಬರು ತಾವೇ ಮುಂದೆ ಓಡಿದರು. ಹಲಗೆ ದಾಟಿ ದೋಣಿಯ ಅಂಚಿನಲ್ಲಿ ನಿಂತು, ತಿರುಗಿ ಎರಡೂ ತೋಳು ಚಾಚಿ ಕರೆದರು. ಎಷ್ಟು ಚೆನ್ನಾಗಿ ಕರೆದರೆಂದರೆ ದಂಡೆಯ ಜನವೆಲ್ಲ ನಿಂತು ನೋಡಿದರು. ಬಹಿಯಾ ಒಂದು ಹೆಜ್ಜೆಯನ್ನೂ ಅವಸರಿಸಲಿಲ್ಲ. ಹಲಗೆ ಕಾಯುವವನು ಕೊನೆಯ ಗಿರಾಕಿ ಹತ್ತಿದರೆಂದು ಹಲಗೆಯನ್ನು ಒಳಗೆಳೆದುಕೊಂಡ.

ದೋಣಿ ಹೊರಟಿತು.

"ಏಯ್, ನಿಲ್ಸೋ! ನಾನು ಇಳೀಬೇಕು!" ಸಾಹೇಬರ ಕೂಗು ಇದರಲ್ಲೂ ಶುರುವಾದ ಡೋಲಿನ ಸದ್ದಿನಲ್ಲಿ ಮುಳುಗಿತು. ನೋಡುವವರೆದುರು ಮರ್ಯಾದೆ ಉಳಿಸಿಕೊಳ್ಳಲೋ ಏನೋ, ನೀರಿನ ನಡುವೆ ಹೋದ ಮೇಲೂ ಒಂದು ಕೈ ಬೀಸಿ ಬನ್ನಿ ಬನ್ನಿ ಎನ್ನುತ್ತಲೇ ಇದ್ದರು.

ದಂಡೆಯಲ್ಲಿ ಜೋಳದ ತೆನೆ ಸುಡುತ್ತಿದ್ದ ಹೆಂಗಸು ಬೀಸಣಿಗೆ ಬಿಟ್ಟು ಹೊಟ್ಟೆ ಹಿಡಿದುಕೊಂಡಳು. "ಅಯ್ಯಮ್ಮ! ದೋಣಿಯವನ ಕರೆ ಅಂತ ಗಾದೆ ಕೇಳಿದ್ದೆ, ಇವತ್ತು ಕಣ್ಣಲ್ಲೇ ನೋಡಿದೆ! ನಡುನೀರಲ್ಲಿ ನಿಂತು ದಂಡೆಯೋರನ್ನ ಊಟಕ್ಕೆ ಕರೆಯೋದು!"

ಶೈಮಾ ಕೂಡ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನಗಬೇಡ," ಎಂದ ಹಾತೆಮ್. "ನಮ್ಮಪ್ಪನಿಗೆ ಅವಮಾನ ಆಗುತ್ತೆ."

"ಅವರಿಗೆ ಕೇಳ್ಸಲ್ಲ ಬಿಡು, ಊಟಕ್ಕೆ ಕೂತಿರ್ತಾರೆ."

ಅವನು ಮುಖ ಗಂಟು ಹಾಕಿಕೊಂಡು ನಿಂತ. ಮೊಬೈಲು ಬಡಿದುಕೊಂಡಿತು. ಅಪ್ಪನದು. ಹ್ಞೂಂ, ಹ್ಞೂಂ, ಸರಿ ಅಪ್ಪ ಎಂದು ಇಟ್ಟ. ಆಮೇಲೆ ಜೇಬಿನಿಂದ ಕಾರಿನ ಕೀಲಿ ತೆಗೆದು, ಕಾರಿನ ಕಡೆಗೆ ಅರ್ಧ ತಿರುಗಿಕೊಂಡು ಹೇಳಿದ: "ದೋಣಿ ವಾಪಸ್ ಬರೋದು ತಡ ಆಗುತ್ತಂತೆ. ನೀವು... ನಮ್ಮನೇಗೆ ಬನ್ನಿ, ಊಟ ಮಾಡ್ಕೊಂಡು ಹೋಗಿ."

ತಾಯಿ ತವರಿಗೆ ಹೋಗಿದ್ದಾಳೆಂದು, ಮನೆಯಲ್ಲಿ ಒಲೆ ಹಚ್ಚಿಲ್ಲವೆಂದು, ಇಂದು ಎಲ್ಲರದೂ ದೋಣಿಯಲ್ಲೇ ಊಟವೆಂದು ಅವನೇ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದ.

ಈ ಮಾತಿಗೆ ಉತ್ತರ ಕೊಡಬೇಕಾದವಳು ತಾನಲ್ಲವೆಂದು ಬಹಿಯಾ ಮೊಮ್ಮಗಳ ಕಡೆ ನೋಡಿದಳು.

ಶೈಮಾ ನಗು ನಿಲ್ಲಿಸಿ ಅವನನ್ನು ನೋಡಿದಳು. "ಬೇಡ ಹಾತೆಮ್. ನಮ್ಮದು ಊಟ ಆಯಿತು."

ಅವನಿಗೆ ಗೊತ್ತಿತ್ತು, ಅವಳು ಉಂಡಿಲ್ಲವೆಂದು. ಅವಳು ನಿಂತು ಕಾದಳು. ಜೋಳದ ಹೆಂಗಸೂ ಬೀಸಣಿಗೆ ಹಿಡಿದು ಕಾದಳು.

"ಸರಿ ಹಾಗಾದ್ರೆ," ಎಂದ ಹಾತೆಮ್. ಅವನ ಹೆಗಲು ಸಡಿಲಾಯಿತು. ಬೆನ್ನಿನ ಮೇಲಿಂದ ಮೂಟೆ ಇಳಿಸಿದ ಹಮಾಲನ ಹೆಗಲಿನಂತೆ. ಕಾರು ಹತ್ತಿ ಹೊರಟ.

ಅಜ್ಜಿ ಮೊಮ್ಮಗಳು ಸೇತುವೆಯ ಬುಡದ ಗಾಡಿಯಲ್ಲಿ ಹುರಿದ ಕುರಿ ಈಲಿ ತುಂಬಿದ ರೊಟ್ಟಿ, ಉಪ್ಪಿನಕಾಯಿ ತೆಗೆದುಕೊಂಡು, ದಂಡೆಯ ಕಟ್ಟೆ ಮೇಲೆ ಕೂತರು. ಶೈಮಾ ಹಸಿದವಳಂತೆಯೇ ತಿಂದಳು, ಅತ್ತು ತಿನ್ನಲಿಲ್ಲ. ಬಹಿಯಾ ಕೇಳಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಹುಣ್ಣು ತಾನಾಗಿ ಒಡೆದ ಮೇಲೆ ಹಿಸುಕುವವರು ದಡ್ಡರು.

ರೊಟ್ಟಿ ಅರ್ಧವಾಗಿತ್ತು, ಮೊಬೈಲು ಬಡಿಯಿತು. ಹಾತೆಮ್. ಶೈಮಾ ಅಜ್ಜಿಗೂ ಕೇಳುವಂತೆ ಹಿಡಿದಳು.

"ಶೈಮಾ, ಅಪ್ಪ ಹೇಳ್ತಿದಾರೆ, ಫಾತಿಹಾ ನಾಳೆ ಶುಬ್ರಾದ ನಿಮ್ಮ ಚಿಕ್ಕಜ್ಜಿ ಮನೇಲೇ ಓದೋಣ ಅಂತ. ಮಧ್ಯಾಹ್ನದ ಹೊತ್ತಿಗೆ ಬರ್ತೀವಿ. ಅಪ್ಪನಿಗೆ ಬಾತುಕೋಳಿ ಅಂದ್ರೆ ಇಷ್ಟ, ನಿಂಗೆ ಗೊತ್ತಲ್ಲ."

ಶೈಮಾ ಬಾಯಲ್ಲಿದ್ದ ತುತ್ತನ್ನು ನುಂಗಿದಳು.

"ನಾಳೆ ಬೇಡ ಹಾತೆಮ್. ನಾಡಿದ್ದೂ ಬೇಡ. ಯಾವತ್ತೂ ಬೇಡ."

ಹಾತೆಮ್ ಕೇಳಿದ, "ಅಪ್ಪನಿಗೆ ಏನು ಹೇಳಲಿ?"

"ಅದನ್ನಾದರೂ ನೀನೇ ಯೋಚನೆ ಮಾಡು," ಎಂದು ಶೈಮಾ ಮೊಬೈಲನ್ನು ಚೀಲಕ್ಕೆ ಹಾಕಿ, ಅಜ್ಜಿಯ ಕೈಯಲ್ಲಿದ್ದ ಉಪ್ಪಿನಕಾಯಿಯ ಪೊಟ್ಟಣಕ್ಕೆ ಕೈ ಚಾಚಿದಳು.